ಗುಂಡಣ್ಣನ ಖರೇ ರಜಿಸ್ಟರು

ಗುಂಡಣ್ಣನ ನೌಕರಿಯ ಹೆಸರು ಗ್ರಂಥಾಲಯ ಸಹಾಯಕ. ಯಾರಿಗೆ ಸಹಾಯ ಮಾಡುತ್ತೀ ಎಂದು ಯಾರಾದರೂ ಕೇಳಿದರೆ ಅವನಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಗ್ರಂಥಪಾಲಕರು ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಆ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ. ಖಾಲಿ ಕುರ್ಚಿಗೆ ಸಹಾಯ ಮಾಡುತ್ತ ಮಾಡುತ್ತ ಮನುಷ್ಯನ ತಲೆ ಹತ್ತಿಯ ಹೊಲವಾಗಿದೆ. ಕಪಾಟಿನ ಧೂಳು ಒರೆಸುವವನೂ ಅವನೇ, ಪುಸ್ತಕ ಕೊಟ್ಟು ಬರೆದುಕೊಳ್ಳುವವನೂ ಅವನೇ, ಗೆದ್ದಲು ಹತ್ತಿದರೆ ಬೈಸಿಕೊಳ್ಳುವವನೂ ಅವನೇ.

ಮನೆ ಕಲಬುರಗಿಯ ಗಾಜಿಪುರದಲ್ಲಿ. ಕಾಲೇಜು ಕಮಲಾಪುರದಲ್ಲಿ. ದಿನಾ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹಿಡಿದು ಮುಕ್ಕಾಲು ತಾಸು ನಿಂತುಕೊಂಡೇ ಹೋಗುತ್ತಾನೆ. ಹೆಣ್ಣುಮಕ್ಕಳಿಗೆ ಬಸ್ಸು ಫುಕಟ್ ಆದಾಗಿನಿಂದ ಅವನಿಗೆ ಸೀಟು ಸಿಕ್ಕಿದ್ದು ಬೆರಳೆಣಿಕೆಯ ದಿನ. ಅದಕ್ಕೆ ಅವನ ತಕರಾರಿಲ್ಲ. ಅದೇ ಬಸ್ಸುಗಳಿಂದ ಕಾಲೇಜಿಗೆ ಹುಡುಗಿಯರು ಹೆಚ್ಚಾದದ್ದು ಅವನಿಗೆ ಗೊತ್ತು. ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣಿನ ಬುಟ್ಟಿಗಳನ್ನು ದಾಟಿ ಅರ್ಧ ಮೈಲು ನಡೆದರೆ ಹೊಂಬೆಳಗು ಕಲಾ ಮಹಾವಿದ್ಯಾಲಯ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಎರಡು ಭಾಷೆ, ನೂರಾ ಎಂಬತ್ತು ಮಕ್ಕಳು. ವಿಜ್ಞಾನವಿಲ್ಲ, ವಾಣಿಜ್ಯವಿಲ್ಲ. ಮೊದಲು ಮೂರು ವರ್ಷದ ಪದವಿ ಎಂದರು. ಆಮೇಲೆ ನಾಲ್ಕು ಎಂದರು. ಮತ್ತೆ ತಿರುಗಿ ಮೂರೇ ಎಂದರು. ಒಂದೊಂದು ಸಲ ಎಂದಾಗಲೂ ಪಠ್ಯ ಬದಲಾಯಿತು, ಪುಸ್ತಕ ಮಾತ್ರ ಬರಲಿಲ್ಲ. ಹುಡುಗರು ಹೊಸ ಪಠ್ಯದ ಹೆಸರು ಹೇಳಿ ಪುಸ್ತಕ ಕೇಳಿದರೆ ಗುಂಡಣ್ಣ ಹಳೆಯದರಲ್ಲೇ ಯಾವ ಅಧ್ಯಾಯ ಹೊಂದುತ್ತದೆಂದು ಹುಡುಕಿ ಕೊಡುತ್ತಾನೆ. ಹರಿದ ಅಂಗಿಯ ತೋಳು ಬಿಚ್ಚಿ ಮಗುವಿಗೆ ಕುಲಾವಿ ಹೊಲಿದ ಹಾಗೆ.

ಇಷ್ಟೆಲ್ಲ ಅವನಿಗೆ ಹೇಗೆ ಗೊತ್ತು? ಶಾಲೆ ಕಲಿಸಿದ್ದಲ್ಲ. ಹುಡುಗನಿದ್ದಾಗಲೇ ನಂದೂರಿನ ಬೇಳೆ ಗಿರಣಿಯಲ್ಲಿ ಚೀಲ ಹೊತ್ತವನು. ಬೆನ್ನ ಮೇಲಿನ ಚೀಲದಲ್ಲಿ ಏನು ಬರೆದಿದೆ ಎಂದು ಕೇಳಿದ್ದಕ್ಕೆ ಗಿರಣಿಯ ಮುನೀಮ, "ಹೊರಾಂವಗ ಅಕ್ಷರ ಎದಕ್ಕ ಬೇಕೋ?" ಅಂದಿದ್ದ. ಆ ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡಿತು. ಚೀಲದ ಮೇಲಿನ ಅಚ್ಚುಗಳನ್ನೇ ನೋಡಿ ನೋಡಿ ಅಕ್ಷರ ಕಲಿತ. ಆಮೇಲೆ ಶೇಂಗಾ ಕಟ್ಟಿದ ಪೇಪರು, ಆಮೇಲೆ ಗೋಡೆಯ ಮೇಲಿನ ಬರಹ. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಖಾಸಗಿಯಾಗಿ ಕುಳಿತು ಹತ್ತನೆಯ ತರಗತಿ ಪಾಸು ಮಾಡಿದ. ಕಾಲೇಜಿಗೆ ಕಾವಲುಗಾರನಾಗಿ ಸೇರಿ, ಮುಂದೆ ಗ್ರಂಥಾಲಯಕ್ಕೆ ಬಂದ. ಇಪ್ಪತ್ತೇಳು ವರ್ಷದಲ್ಲಿ ಅಲ್ಲಿನ ಬಿ.ಎ. ಪುಸ್ತಕಗಳನ್ನೆಲ್ಲ ಓದಿದ್ದಾನೆ. ಆ ಪರೀಕ್ಷೆಗೆ ಮಾತ್ರ ಕುಳಿತಿಲ್ಲ.

ಇಂಥವನ ಪ್ರಾಣವೆಲ್ಲ ಇದ್ದದ್ದು ಓದುಕೋಣೆಯಲ್ಲಿ. ಕಾಲೇಜಿನಲ್ಲಿ ಮಳೆಗೆ ಸೋರದ ಕೋಣೆ ಅದೊಂದೇ. ನಾಲ್ಕು ಕಿಟಕಿ, ತಿರುಗುವ ಒಂದು ಪಂಖಾ, ನಾಲ್ಕು ಉದ್ದನೆಯ ಮೇಜು, ಇಪ್ಪತ್ನಾಲ್ಕು ಕುರ್ಚಿ, ಗೋಡೆಗುಂಟ ಏಳು ಕಬ್ಬಿಣದ ಕಪಾಟು. ಒಳ್ಳೆಯ ಹೊಲಕ್ಕೆ ನಾಲ್ಕೂ ಕಡೆಯಿಂದ ದನ ನುಗ್ಗಿದಂತೆ ಆ ಕೋಣೆಯ ಮೇಲೆ ಎಲ್ಲರಿಗೂ ಕಣ್ಣು. ಪರೀಕ್ಷೆ ಬಂದರೆ ಕುರ್ಚಿ ಹೊರಗೆ. ಚುನಾವಣೆ ಬಂದರೆ ಮತಪೆಟ್ಟಿಗೆ ಒಳಗೆ. ಸಂಸ್ಥೆಯ ಕಾರ್ಯದರ್ಶಿಯ ನೆಂಟರ ಮನೆಯಲ್ಲಿ ನಿಶ್ಚಿತಾರ್ಥವಾದರೆ ಮೇಜುಗಳು ಟ್ರ್ಯಾಕ್ಟರ್ ಹತ್ತಿ ಹೋಗಿ, ಅರಿಷಿಣ ಹಚ್ಚಿಕೊಂಡು ತಿರುಗಿ ಬರುತ್ತಿದ್ದವು. ಪ್ರತಿ ಸಲವೂ ಗುಂಡಣ್ಣ ಜಗಳ ಮಾಡುತ್ತಿದ್ದ, ಸೋಲುತ್ತಿದ್ದ, ಮೇಜು ಉಜ್ಜುತ್ತಿದ್ದ.

ಜನವರಿಯಲ್ಲಿ ಒಂದು ದಿನ ಪ್ರಿನ್ಸಿಪಾಲ ಗುರುರಾಜರು ಕರೆಸಿದರು. ಗುರುರಾಜರು ಇತಿಹಾಸದ ಮೇಷ್ಟ್ರು. ಪ್ರಿನ್ಸಿಪಾಲ ಹುದ್ದೆ ಅವರಿಗೆ ಪ್ರಭಾರದ ಮೇಲೆ ಬಂದು ಕುತ್ತಿಗೆಗೆ ಬಿದ್ದಿತ್ತು. ಕೆಟ್ಟ ಮನುಷ್ಯರಲ್ಲ. ಆದರೆ ಮೇಲಿನಿಂದ ಒಂದು ಕಾಗದ ಬಂದರೆ ಎರಡು ದಿನ ಊಟ ಸೇರುತ್ತಿರಲಿಲ್ಲ.

"ಗುಂಡಣ್ಣ, ಮಾರ್ಚದಾಗ ಕಾಲೇಜು ನೋಡಿ ಅಂಕ ಕೊಡೋ ಕಮಿಟಿ ಬರ್ಲಿಕತ್ತದ. ಓದುಕೋಣಿಗೆ ದಿನಾ ಎಷ್ಟು ಮಂದಿ ಬರ್ತಾರ?"

"ಖರೇ ಹೇಳ್ಲೇನ್ರಿ?"

"ಮತ್ತೇನು ಸುಳ್ಳ ಹೇಳ್ಲಿಕ್ಕೆ ಕರಿಸೀನೇನು?"

"ನಿನ್ನೆ ಇಬ್ಬರು ಬಂದಿದ್ರಿ. ಒಬ್ಬಾಂವ ಪೇಪರ್ ನೋಡಾಕ. ಇನ್ನೊಬ್ಬಾಂವ ಪಂಖಾದ ಕೆಳಗ ಮಲಗಾಕ."

ಗುರುರಾಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಾರ್ಯದರ್ಶಿಗಳು ಖಡಾಖಡಿ ಹೇಳ್ಯಾರ. ದಿನಕ್ಕ ಐವತ್ತು ಮಂದಿ ಬಂದಿದ್ದು ರಜಿಸ್ಟರಿನಾಗ ಕಾಣಬೇಕು. ಇಲ್ಲಂದ್ರ ಪುಸ್ತಕ ಎಲ್ಲಾ ಮೆಟ್ಟಲದ ಕೆಳಗಿನ ಕೋಣಿಗೆ. ಆ ಜಾಗಾ ಕಂಪ್ಯೂಟರ್ ಹಾಲ್."

"ಕಂಪ್ಯೂಟರ್ ಎಲ್ಲಿ ಅವ್ರಿ?"

"ಬರ್ತಾವಂತ."

"ಬರಲಾರದ ಕಂಪ್ಯೂಟರಿಗೆ ಇದ್ದ ಪುಸ್ತಕ ಎಬ್ಬಸ್ತಾರೇನ್ರಿ? ಮೆಟ್ಟಲದ ಕೆಳಗ ಹ್ವಾದ ಮಳಿಗಾಲದಾಗ ಹಳೀ ಪ್ರಶ್ನಪತ್ರಿಕಿ ಇಟ್ಟಿದ್ವಿ. ಅಂಬಲಿ ಆಗಿ ಹೊರಗ ಬಂದ್ವು, ನೆಪ್ಪದ ಏನ್ರಿ?"

"ಅರೇ ಬಾಬಾ, ಅದಕ್ಕ ಹೇಳ್ಲಿಕತ್ತೀನಿ. ರಜಿಸ್ಟರ್ ಬಗಲಾಗ ಇಟ್ಕೊಂಡು ಕ್ಲಾಸಿಗೆ ಹೋಗು. ಕುಂತವರ ಕಡೆ ಸಹಿ ಮಾಡಿಸ್ಕೊಂಡು ಬಾ. ಹತ್ತು ನಿಮಿಷದ ಕೆಲಸ."

"ಹೊಚ್ಚಲ ದಾಟಲಾರದವರು ಬಂದಾರಂತ ಬರಿಯೂದು ನನ್ನಿಂದ ಆಗಂಗಿಲ್ರಿ. ಗಿರಣ್ಯಾಗ ಚೀಲ ಹೊರೂಮುಂದ ಸೈತ ನಾ ಎಣಿಕಿ ತಪ್ಪಿಸಿದಾಂವ ಅಲ್ಲ. ಎರಡು ತಿಂಗಳು ಕೊಡ್ರಿ. ಸಹಿ ಅಲ್ಲ, ಮಂದಿನ್ನೇ ತಂದು ಕೂಡಸ್ತೀನಿ."

ಹೇಳಿ ಹೊರಗೆ ಬಂದ ಮೇಲೆ ಲೆಕ್ಕ ಹಾಕಿದ. ಹನ್ನೊಂದು ವರ್ಷದಲ್ಲಿ ಬಾರದವರನ್ನು ಎರಡು ತಿಂಗಳಲ್ಲಿ ಎಲ್ಲಿಂದ ತರುವುದು?

ಮಧ್ಯಾಹ್ನ ಒಂದೂವರೆಗೆ ತರಗತಿ ಮುಗಿಯುತ್ತದೆ. ಹಳ್ಳಿಗಳ ಕಡೆ ಬಸ್ಸು ಮೂರೂಮುಕ್ಕಾಲಿಗೆ. ನಡುವಿನ ಎರಡು ತಾಸು ಹುಡುಗಿಯರೆಲ್ಲ ಬಸ್‌ನಿಲ್ದಾಣದ ಬೇವಿನ ಮರದ ಕೆಳಗೆ ಕೂಡುತ್ತಾರೆ, ನೆರಳು ಸರಿದ ಹಾಗೆ ತಾವೂ ಸರಿಯುತ್ತ. ಮರುದಿನ ಗುಂಡಣ್ಣ ಅಲ್ಲಿಗೇ ಹೋದ.

"ಏ ತಂಗಿ, ಇಲ್ಲಿ ಬಿಸಲಾಗ ಬ್ಯಾಡಗಿ ಮೆಣಸಿನಕಾಯಿ ಒಣಗಿದಂಗ ಒಣಗಾಕತ್ತೀರಿ. ಓದುಕೋಣ್ಯಾಗ ಪಂಖಾ ಅದ. ಬರಾಕ ಏನ್ ಧಾಡಿ ನಿಮಗ?"

ಡೊಂಗರಗಾಂವದ ಗೌತಮಿ, ಬಿ.ಎ. ಎರಡನೆಯ ವರ್ಷದವಳು, ತಲೆ ಎತ್ತಿದಳು. "ಬಂದಿದ್ವಿರಿ ಕಾಕಾ. ನೀವೇ ಕಳಿಸೀರಿ."

"ನಾ?"

"ನೀವೇ. ಚೀಲ ಹೊರಗಿಡು ಅಂದ್ರಿ. ಇಟ್ಟು ಒಳಗ ಬಂದೆ. ನಾಯಿ ಬಂದು ಬುತ್ತಿ ಗಂಟು ಕಚ್ಕೊಂಡು ಹೋಯ್ತು. ನಾಕು ರೊಟ್ಟಿ ಕಾಕಾ! ಕಟ್ಟಿದ ಅರಬಿ ಸೈತ ಸಿಗಲಿಲ್ಲ."

ಬಾಜೂ ಕುಳಿತ ಜುಬೇದಾ ನಕ್ಕಳು. "ನಮ್ಮಕಿಂತ ಆ ನಾಯಿ ಮೊದಲ ಪಾಸ್ ಆಗ್ತದ ನೋಡ್ರಿ ಕಾಕಾ. ದಿನಾ ಬಾಗಲದಾಗ ಹಾಜರ್ ಇರ್ತದ."

ಹುಡುಗಿಯರೆಲ್ಲ ಕಿಸಕ್ಕೆಂದರು. ಗುಂಡಣ್ಣನಿಗೆ ಕಿವಿ ಬಿಸಿಯಾಯಿತು. ಓದುಕೋಣೆಯ ಬಾಗಿಲ ಮೇಲಿನ ಎರಡು ನಿಯಮ ಬರೆದವನು ಅವನೇ: 'ಚೀಲ ಹೊರಗಿಡಬೇಕು. ಒಳಗೆ ತಿನ್ನಬಾರದು.' ಗಿರಣಿಯ ಚೀಲದ ಅಚ್ಚಿನಂತೆ ದುಂಡನೆಯ ಅಕ್ಷರ. ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದ. ಅದೇ ಅಕ್ಷರ ಹನ್ನೊಂದು ವರ್ಷ ಮಂದಿಯನ್ನು ಬಾಗಿಲಲ್ಲೇ ತಡೆದಿತ್ತೆಂದು ಈಗ ಒಂದು ಹುಡುಗಿ ಮುಖಕ್ಕೆ ಹೇಳುತ್ತಿದ್ದಳು.

ಮೊದಲನೆಯ ನಿಯಮವನ್ನು ಅವತ್ತೇ ಕೆರೆದು ಹಾಕಿದ. ಎರಡನೆಯದಕ್ಕೆ ಕೈ ಏಳಲಿಲ್ಲ. ರೊಟ್ಟಿ, ಹಿಂಡಿ, ಎಣ್ಣೆಗಾಯಿ ಇವೆಲ್ಲ ಪುಸ್ತಕದ ಪಕ್ಕದಲ್ಲೇ? ನಾಲ್ಕು ದಿನ ಒಳಗೊಳಗೇ ಕುದ್ದ. ಹುಡುಗಿಯರು ಚೀಲದ ಸಮೇತ ಬರುತ್ತಿದ್ದರು, ಹಸಿವಾದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದರು, ಹೋದವರು ತಿರುಗಿ ಬರುತ್ತಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಹೆಂಡತಿ ಶಿವಕಾಂತಮ್ಮನ ಮುಂದೆ ಇದನ್ನೇ ಗೊಣಗಿದ. "ಪುಸ್ತಕಕ್ಕ ಎಣ್ಣಿ ಹತ್ತಿದ್ರ ಇರುವಿ ಬರ್ತಾವ. ಇರುವಿ ಹಿಂದ ಇಲಿ. ಇಲಿ ಬಂತಂದ್ರ ಮುಗೀತು."

ಶಿವಕಾಂತಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನೀ ಗಿರಣ್ಯಾಗ ಎಲ್ಲಿ ಕುಂತು ಉಣ್ತಿದ್ದಿ?"

"ಚೀಲದ ಮ್ಯಾಲೆ."

"ಎದರ ಚೀಲ?"

"ಬ್ಯಾಳಿ ಚೀಲ."

"ಬ್ಯಾಳಿ ಕೆಟ್ಟಿತ್ತೇನು?"

ಗುಂಡಣ್ಣ ತಟ್ಟೆ ನೋಡಿದ. ಈ ಹೆಂಗಸಿನ ಜೊತೆ ವಾದ ಮಾಡುವುದೂ ಒಂದೇ, ಫರ್ಸಿ ಕಲ್ಲಿಗೆ ಹಣೆ ಹಾಯುವುದೂ ಒಂದೇ.

ಮರುದಿನ ಭಾನುವಾರ ಸೂಪರ್ ಮಾರ್ಕೆಟಿಗೆ ಹೋಗಿ ಸಲಾವುದ್ದೀನನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಕೈ ತೊಳೆಯಲು ನಳ ಇದ್ದ ದೊಡ್ಡ ನೀರಿನ ಡಬ್ಬಿಯೊಂದನ್ನು ಆರಿಸಿದ. ಜೊತೆಗೊಂದು ಸಾಬೂನಿನ ಪೆಟ್ಟಿಗೆ.

"ಕ್ಯಾ ಗುಂಡಣ್ಣಾ, ಕಾಲೇಜ್ ಮೇ ಖಾನಾವಳಿ ಖೋಲ್ರೈ ಕ್ಯಾ?" ಎಂದ ಸಲಾವುದ್ದೀನ್.

"ಹಂಗ ತಿಳಕೋ ಮಾರಾಯ. ಪುಸ್ತಕ ತೋರಿಸಿ ಕರದ್ರ ಬರಲಿಲ್ಲ, ರೊಟ್ಟಿ ಬಿಡ್ತೀನಿ ಅಂದ್ರ ಬರ್ತಾರಂತ. ಇದು ನನ್ನ ನಸೀಬ."

ಸೋಮವಾರದಿಂದ ಹೊಸ ಕಟ್ಟಳೆ. ಬಾಗಿಲ ಹತ್ತಿರದ ಮೊದಲನೆಯ ಮೇಜು ಊಟಕ್ಕೆ, ಉಳಿದ ಮೂರು ಓದಲಿಕ್ಕೆ. ಶೇಂಗಾ ಹಿಂಡಿ ನಡೆಯುತ್ತದೆ, ಎಣ್ಣೆಪಲ್ಯ ನಡೆಯುವುದಿಲ್ಲ. ಉಂಡವರು ಸಾಬೂನು ಹಚ್ಚಿ ಕೈ ತೊಳೆದು, ಎರಡೂ ಅಂಗೈ ಗುಂಡಣ್ಣನಿಗೆ ತೋರಿಸಿಯೇ ಒಳಗಿನ ಮೇಜಿಗೆ ಹೋಗಬೇಕು. ಅವನು ಬಗ್ಗಿ ಮೂಸಿ ನೋಡುತ್ತಿದ್ದ. "ಉಳ್ಳಾಗಡ್ಡಿ ವಾಸನಿ ಅದ. ಮತ್ತೊಮ್ಮಿ ತೊಳಿ."

"ಕಾಕಾ, ವಾಸನಿ ಪುಸ್ತಕಕ್ಕ ಹತ್ತತದೇನ್ರಿ?"

"ನನಗ ಹತ್ತತದ. ತೊಳಿ ಅಂದ್ರ ತೊಳಿ."

ಮೊದಲ ದಿನ ಒಂಬತ್ತು ಮಂದಿ, ವಾರದಲ್ಲಿ ಮೂವತ್ತು, ಫೆಬ್ರುವರಿ ನಡುವಿಗೆ ಅರವತ್ತು. ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ನೆಲದ ಮೇಲೂ ಕುಳಿತರು. ಬಾಗಿಲಲ್ಲಿ ರಜಿಸ್ಟರು. ಅದರಲ್ಲಿ ಹೆಸರು, ತರಗತಿ, ಬಂದ ಹೊತ್ತು, ಕೊನೆಗೆ 'ಬಂದ ಉದ್ದೇಶ' ಎಂಬ ಕಾಲಮ್ಮು. ಮೊದಲ ದಿನವೇ ಗೌತಮಿ ಪೆನ್ನು ಎತ್ತಿ ಹಿಡಿದು ಕೇಳಿದ್ದಳು.

"ಇಲ್ಲೇನ್ ಬರೀಲ್ರಿ ಕಾಕಾ? ಓದಾಕ ಅಂತ ಬರೀಲೇನು?"

"ಓದಾಕ ಬಂದೀಯೇನು?"

"ಇಲ್ರಿ. ಉಣ್ಣಾಕ."

"ಮತ್ತ ಖರೇ ಅದನ್ನ ಬರಿ. ಬರ್ಯಾಕ ಏನ್ ನಾಚಿಕಿ?"

ಅವಳು 'ಬುತ್ತಿ ಉಣ್ಣಲು' ಎಂದು ಬರೆದಳು. ಹಿಂದಿನವಳು ಅದನ್ನು ನೋಡಿ ಹಾಗೇ ಬರೆದಳು. ಕುರಿ ಹಿಂಡು ಒಂದು ಸಲ ದಾರಿ ಹಿಡಿದರೆ ಮುಗಿಯಿತು. 'ಬಸ್ಸಿಗೆ ಕಾಯಲು', 'ಮೊಬೈಲ್ ಚಾರ್ಜ್ ಮಾಡಲು', 'ತಲೆ ನೋವು, ಮಲಗಲು', 'ಪಂಖಾ'. ಜುಬೇದಾ ಒಂದು ದಿನ ಹೀಗೆ ಬರೆದಳು: 'ಮನೆಯಲ್ಲಿ ಮಾತಾಡಲು ಬಿಡುವುದಿಲ್ಲ, ಮಾತಾಡಲು.' ಗುಂಡಣ್ಣ ಅದನ್ನು ಓದಿ ಅವಳನ್ನು ನೋಡಿದ. ಅವಳು ಆಗಲೇ ಮೊದಲನೆಯ ಮೇಜಿನಲ್ಲಿ ಕುಳಿತು ಇಬ್ಬರಿಗೆ ಏನೋ ಹೇಳಿ ನಗಿಸುತ್ತಿದ್ದಳು.

ಆದರೆ ಹೊಟ್ಟೆ ತುಂಬಿದವರು ಎರಡು ತಾಸು ಸುಮ್ಮನೆ ಕೂಡುವುದು ಸಾಧ್ಯವೇ? ಮೊದಲು ಪೇಪರು ತಿರುವಿದರು. ಆಮೇಲೆ ಒಬ್ಬಳು ಕಪಾಟಿನ ಗಾಜಿನೊಳಗೆ ಇಣುಕಿದಳು. "ಕಾಕಾ, ಈ ಕೆಂಪು ರಟ್ಟಿಂದು ಏನ್ರಿ?" ಗುಂಡಣ್ಣ ಕೀಲಿ ತೆಗೆದುಕೊಟ್ಟ. ಗೌತಮಿ ಹೈದರಾಬಾದ್ ಸಂಸ್ಥಾನದ ಇತಿಹಾಸವನ್ನು ಮೂರು ದಿನದಲ್ಲಿ ಮುಗಿಸಿ, ನಾಲ್ಕನೆಯ ದಿನ ಬಂದು, "ಇದರಾಗ ನಮ್ಮ ಊರ ಕಡಿ ಕೂಲಿ ಮಂದಿ ಸುದ್ದಿ ಒಂದ್ ಸಾಲೂ ಇಲ್ಲಲ್ರಿ" ಎಂದು ಜಗಳಕ್ಕೆ ನಿಂತಳು. "ನಾ ಬರದೀನೇನು? ಬರದಾಂವನ್ನ ಕೇಳು" ಎಂದು ಗುಂಡಣ್ಣ ರೇಗಿದ. ಮನೆಗೆ ಹೋಗುವಾಗ ಮಾತ್ರ ಬಸ್ಸಿನಲ್ಲಿ ನಿಂತೇ ಒಬ್ಬನೇ ನಕ್ಕ. ಫೆಬ್ರುವರಿ ಕಡೆಯ ದಿನ ಲೆಕ್ಕ ಹಾಕಿದಾಗ ಅರವತ್ಮೂರು ಮಂದಿ ಬಂದಿದ್ದರು, 'ಓದಲು' ಎಂದು ಬರೆದವರು ಹತ್ತೊಂಬತ್ತು. ಇಬ್ಬರಿಂದ ಹತ್ತೊಂಬತ್ತು! ರಜಿಸ್ಟರಿನ ಪ್ರತಿ ಪುಟದ ಕೆಳಗೆ ಉಂಡವರು ಇಷ್ಟು, ಮಲಗಿದವರು ಇಷ್ಟು, ಓದಿದವರು ಇಷ್ಟು ಎಂದು ಕೆಂಪು ಶಾಯಿಯಲ್ಲಿ ಮೊತ್ತ ಬರೆದಿಟ್ಟ.

ಕಮಿಟಿ ಬರುವ ಹಿಂದಿನ ದಿನ ಗುರುರಾಜರು ಆ ರಜಿಸ್ಟರು ತೆರೆದು ನೋಡಿದರು. ಒಂದು ಪುಟ, ಎರಡು ಪುಟ. ಮೂರನೆಯ ಪುಟಕ್ಕೆ ಹಣೆ ಹಿಡಿದುಕೊಂಡರು.

"ಗುಂಡಣ್ಣ, ಇದೇನು? ಓದುಕೋಣಿ ರಜಿಸ್ಟರೋ ಛತ್ರದ ರಜಿಸ್ಟರೋ?"

"ಅರವತ್ಮೂರು ಮಂದಿ ಅದಾರ್ರಿ ಸರ್. ನೀವು ಐವತ್ತು ಅಂದಿದ್ರಿ."

"ಮಂದಿ ಅದಾರ. ಆದ್ರ ಇಲ್ಲಿ ನೋಡು, 'ಮಲಗಲು'! ಕಮಿಟಿಯವರು ಓದಿದ್ರ ನನ್ನ ಮಾರಿ ಎಲ್ಲಿಡ್ಲಿ? ಹೊಸಾ ರಜಿಸ್ಟರ್ ತರಸ್ತೀನಿ. ಹೆಸರು ಅವ ಇರ್ಲಿ. ಉದ್ದೇಶದಾಗ ಎಲ್ಲಾರಿಗೂ ಓದಲು ಅಂತ ಬರಿ. ಮಂದಿ ಬಂದಿದ್ದು ಖರೇನ ಅದ, ಸುಳ್ಳೇನಿಲ್ಲ."

"ಉಂಡವರನ್ನ ಓದಿದವರು ಅಂತ ಹೆಂಗ ಬರೀಲ್ರಿ? ಹತ್ತೊಂಬತ್ತು ಮಂದಿ ಖರೇನ ಓದ್ಯಾರ. ಎಲ್ಲಾರೂ ಓದ್ಯಾರ ಅಂತ ಬರದ್ರ ಆ ಹತ್ತೊಂಬತ್ತು ಎಲ್ಲಿ ಕಾಣ್ತಾವ್ರಿ?"

ಗುರುರಾಜರು ಸಾಕಾಗಿ ಕೈ ಮುಗಿದರು. "ನಿನ್ನ ಜೋಡಿ ನನ್ನಿಂದ ಆಗೂದಿಲ್ಲಪಾ. ಹಿಂಗ ಮಾಡೋಣ. ಅವರು ಕೇಳಿದ್ರ ಬೈಂಡಿಂಗಿಗೆ ಹೋಗ್ಯದ ಅಂತ ನಾ ಹೇಳ್ತೀನಿ. ನೀ ಬಾಯಿ ಮುಚ್ಚಿಕೊಂಡು ನಿಂದ್ರು."

"ನಿಂದರ್ತೀನ್ರಿ. ನನ್ನ ಕೇಳಲಿಲ್ಲಂದ್ರ ನಾ ಯಾಕ ಹೇಳ್ಲಿ?"

ಕಮಿಟಿಯಲ್ಲಿ ಮೂವರು. ಅಧ್ಯಕ್ಷರು ಅಮರನಾಥ ಎಂಬ ನಿವೃತ್ತ ಪ್ರಾಧ್ಯಾಪಕರು, ದಕ್ಷಿಣದ ಕಡೆಯವರು, ಮೆದು ಮಾತು. ಓದುಕೋಣೆಗೆ ಬಂದು ಕಪಾಟು ನೋಡಿದರು, ಕೈ ತೊಳೆಯುವ ಡಬ್ಬಿ ನೋಡಿದರು. ಅವತ್ತು ಗುರುರಾಜರ ಅಪ್ಪಣೆಯಂತೆ ಬುತ್ತಿ ಬಂದ್ ಆಗಿತ್ತು. ಹುಡುಗಿಯರು ಮೇಜಿಗೆ ಮೂಗು ತಾಗಿಸಿ ಕುಳಿತಿದ್ದರು.

"ಇಲ್ಲಿಗೆ ಬರುವವರ ರಿಜಿಸ್ಟರ್ ಇರಬೇಕಲ್ಲ?" ಎಂದರು ಅಮರನಾಥ.

"ಅದು ಬೈಂಡಿಂಗಿಗೆ ಹೋಗ್ಯದರಿ ಸರ್" ಎಂದರು ಗುರುರಾಜರು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅಮರನಾಥರು ಗುಂಡಣ್ಣನ ಕಡೆ ತಿರುಗಿದರು. "ಎಷ್ಟು ದಿನವಾಯಿತು ಕೊಟ್ಟು? ನೀವೇ ಅಲ್ಲವೆ ನೋಡಿಕೊಳ್ಳುವವರು?"

ಗುಂಡಣ್ಣ ಗುರುರಾಜರ ಮುಖ ನೋಡಿದ. ಅವರು ಕಣ್ಣಲ್ಲೇ ಬೇಡಿಕೊಂಡರು. ಅವನು ಗಂಟಲು ಸರಿಮಾಡಿಕೊಂಡ. "ಇನ್ನಾ ಹೋಗಿಲ್ರಿ. ಹೋಗೂದರಾಗ ಅದ." ಹೇಳಿ ಅದನ್ನು ತನ್ನ ಖಾನೆಯಿಂದ ತೆಗೆದು ಎರಡೂ ಕೈಯಿಂದ ಕೊಟ್ಟ.

ಅಮರನಾಥರು ನಿಂತಲ್ಲೇ ಓದಿದರು. ಒಂದು ಸಲ ಹುಬ್ಬೇರಿಸಿದರು. ಒಂದು ಸಲ ನಗು ತಡೆದರು. ಜುಬೇದಾ ಬರೆದ ಸಾಲಿಗೆ ಬಂದು ಬಹಳ ಹೊತ್ತು ಅಲ್ಲೇ ನಿಂತರು. ಗುರುರಾಜರ ಬೆವರು ಕಿವಿಯಿಂದಿಳಿದು ಕಾಲರಿಗೆ ಬಂದಿತ್ತು.

"ಇದನ್ನು ಹೀಗೆ ಬರೆಸಿದವರು ಯಾರು?"

"ನಾನ್ರಿ."

ಅಮರನಾಥರು ಅವನ ಕೈ ಹಿಡಿದು ಕುಲುಕಿದರು. "ನೂರು ಕಾಲೇಜು ನೋಡಿದ್ದೇನೆ. ಇಂಥ ರಿಜಿಸ್ಟರ್ ನೋಡಿರಲಿಲ್ಲ. ಇದರ ಬಗ್ಗೆ ವರದಿಯಲ್ಲಿ ಬರೆಯುತ್ತೇನೆ."

ಗಾಜಿಪುರಕ್ಕೆ ಅವತ್ತು ಗುಂಡಣ್ಣ ಬಸ್ಸಿನಲ್ಲಿ ಬಂದನೋ ಗಾಳಿಯಲ್ಲಿ ಬಂದನೋ ಅವನಿಗೇ ಗೊತ್ತಿಲ್ಲ. ಶಿವಕಾಂತಮ್ಮನಿಗೆ ಕೈ ಕುಲುಕಿದ್ದನ್ನು ಮೂರು ಸಲ ಹೇಳಿದ. ಅವಳು, "ಕೈ ಕುಲುಕಿದವರು ಏನ್ ಬರೀತಾರ ನೋಡೋಣು ತಡಿ" ಎಂದಳು. ಇವಳ ಬಾಯಲ್ಲಿ ಕಲ್ಲು ಬೀಳಲಿ ಎಂದು ಅವನು ಮನಸ್ಸಿನಲ್ಲೇ ಬೈದ.

ಇಪ್ಪತ್ತು ದಿನಕ್ಕೆ ವರದಿ ಬಂತು. ಗುರುರಾಜರು ಪೇಢೆ ತರಿಸಿದ್ದರು.

"ಗುಂಡಣ್ಣ, ಬಾ, ಬಾಯಿ ತೆಗಿ! ಕೋಣಿ ಉಳೀತು. ಕಂಪ್ಯೂಟರ್ ಹಾಲ್ ಕ್ಯಾನ್ಸಲ್. ನಿನ್ನ ರಜಿಸ್ಟರಿಂದ ನಮಗ ಅಂಕ ಬಂದಾವ."

"ಓದುಕೋಣಿಗೆ ಬಂದಾವೇನ್ರಿ?"

ಗುರುರಾಜರು ಪೇಢೆಯ ಪೆಟ್ಟಿಗೆ ಕೆಳಗಿಟ್ಟು ಕಾಗದ ಓದಿದರು. ಕಮಿಟಿಯವರು ಬಹಳ ಮೆಚ್ಚಿದ್ದರು. ಪ್ರಾಮಾಣಿಕ ದಾಖಲೆಯಿಂದ ಕಂಡುಬಂದಂತೆ ವಿದ್ಯಾರ್ಥಿನಿಯರಿಗೆ ಊಟಕ್ಕೆ, ವಿಶ್ರಾಂತಿಗೆ, ಕೂತು ಮಾತಾಡಲಿಕ್ಕೆ ಜಾಗವಿಲ್ಲ. ಆದ್ದರಿಂದ ಸದರಿ ಕೋಣೆಯನ್ನು ಮಹಿಳಾ ವಿಶ್ರಾಂತಿ ಕೊಠಡಿ ಎಂದು ಘೋಷಿಸತಕ್ಕದ್ದು. ಪುರುಷರಿಗೆ ಪ್ರವೇಶ ಕೂಡದು. ಪುಸ್ತಕಗಳನ್ನು ಕಾಲಕ್ರಮೇಣ ಸೂಕ್ತ ಸ್ಥಳಕ್ಕೆ ಸಾಗಿಸುವುದು.

"ಸೂಕ್ತ ಸ್ಥಳ ಯಾವುದ್ರಿ?"

"ನಮ್ಮಲ್ಲಿ ಎಲ್ಲದ? ಅದಕ್ಕ ಪುಸ್ತಕ ಅಲ್ಲೇ ಇರ್ತಾವ."

"ಮತ್ತ ನಾ?"

ಗುರುರಾಜರು ಕಾಗದ ಮಡಚಿದರು. "ನಿನಗ ಒಳಗ ಹೋಗ್ಲಿಕ್ಕೆ ಬರೂದಿಲ್ಲ ಗುಂಡಣ್ಣ."

"ಕೀಲಿ ನನ್ನ ಕಡಿ ಅವ ಸರ್!"

"ಕೀಲಿ ಇರ್ಲಿ. ನೀ ಗಂಡಸು ಹೌದಲ್ಲೋ? ಆದೇಶದಾಗ ಬರದಾರ, ನಾ ಏನ್ ಮಾಡ್ಲಿ? ಮತ್ತ ಒಂದು ಕೆಲಸ ಅದ. ನಿನ್ನ ಅಕ್ಷರ ಛಂದ ಅವ. ಬಾಗಲಕ್ಕ ಆ ಫಲಕ ನೀನ ಬರಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಲ್ಲಿ ಒದೆಯಲಿಲ್ಲ, ಕೈ ಕುಲುಕಿ ಹೊರಗೆ ಹಾಕಿದರು. ಗುಂಡಣ್ಣ ಅರ್ಧ ದಿನ ಏಣಿಯ ಮೇಲೆ ನಿಂತು 'ಪುರುಷರಿಗೆ ಪ್ರವೇಶವಿಲ್ಲ' ಎಂದು ದುಂಡಗೆ ಬರೆದ, ಏಣಿ ಇಳಿದ, ಚಪ್ಪಲಿ ಮೆಟ್ಟಿ ಮನೆಗೆ ಬಂದ. ಎರಡು ದಿನ ರಜೆ ಹಾಕಿದ. ಉಣ್ಣಲು ಕರೆದರೆ ಗೋಡೆಯ ಕಡೆ ತಿರುಗಿದ.

"ನಮ್ಮಪ್ಪ ಜೀವಮಾನ ಎಲ್ಲಾ ಮಂದಿ ಬಾಗಲದ ಹೊರಗ ನಿಂತ" ಎಂದ ಎರಡನೆಯ ದಿನ ಸಂಜೆ. "ನಾ ಓದಿ ಒಳಗ ಹೋದೆ ಅಂದ್ಕೊಂಡಿದ್ದೆ. ಈಗ ನನ್ನ ಕೈಲೇ ಬೋರ್ಡ್ ಬರಿಸಿ ಹೊರಗ ನಿಂದರಿಸ್ಯಾರ."

ಶಿವಕಾಂತಮ್ಮನಿಗೆ ಸಿಟ್ಟು ಬಂತು. "ಹುಚ್ಚರಂಗ ಮಾತಾಡಬ್ಯಾಡ. ನಿಮ್ಮಪ್ಪಗ ಹೊಲಸಂತ ಹೊರಗ ನಿಂದರಿಸಿದ್ರು. ನೀ ಹೊರಗ ನಿಂತಿದ್ದು ಒಂದಿಷ್ಟು ಹೆಣ್ಣಹುಡುಗ್ಯಾರು ಕಾಲು ಚಾಚಿ ಕೂಡ್ಲಿ ಅಂತ. ಎರಡೂ ಒಂದ ಏನು? ಬುದ್ಧನ ಪಟದ ಕೆಳಗ ಕುಂತು ಇಷ್ಟೂ ತಿಳಿಯಲ್ಲೇನು ನಿನಗ? ನನಗ ಎಲ್ಲಿ ಇತ್ತು ಅಂಥಾ ಕೋಣಿ? ಕೂಲಿಗೆ ಹೋದಲ್ಲಿ ಗಿಡದ ಹಿಂದ ಕುಂತು ಉಂಡಾಕಿ ನಾ."

"ಪುಸ್ತಕ ಒಳಗ ಅವ ಶಿವಕಾಂತಾ!"

"ಪುಸ್ತಕಕ್ಕ ಕಾಲಿಲ್ಲ. ಹುಡುಗ್ಯಾರಿಗೆ ಕೈ ಅವ."

ಮೂರನೆಯ ದಿನ ಗುಂಡಣ್ಣ ಕಾಲೇಜಿಗೆ ಹೋಗಿ, ಒಂದು ಸ್ಟೂಲು ಹುಡುಕಿ, ಬಾಗಿಲ ಹೊರಗೆ ಹಾಕಿಕೊಂಡು ಕುಳಿತ. ಕೀಲಿಗೊಂಚಲು ಗೌತಮಿಗೆ ಕೊಟ್ಟ. ಕೊಡುವಾಗ ಐದು ಸಲ ಎಚ್ಚರಿಕೆ ಹೇಳಿದ. 'ಗಂಡಸರು ಒಳಗೆ ಬರಬಾರದು' ಎಂಬ ಸುದ್ದಿ ಊರೆಲ್ಲ ಹಬ್ಬಿದ್ದೇ ತಡ, ಗಂಡುಹುಡುಗರಿಗೆ ಒಮ್ಮೆಗೇ ಓದಿನ ಹಸಿವು ಹುಟ್ಟಿತ್ತು. ಒಂದು ದಂಡೇ ವರಾಂಡದಲ್ಲಿ ನಿಂತಿತ್ತು.

"ಕಾಕಾ, ಹುಡುಗ್ಯಾರಿಗಷ್ಟೇ ಏನ್ರಿ ಪುಸ್ತಕ? ನಮಗೂ ಪರೀಕ್ಷಾ ಅದ" ಎಂದ ವಿಶ್ವಾಸ ಎಂಬ ಕಡೆಯ ವರ್ಷದ ಹುಡುಗ.

"ಹನ್ನೊಂದು ವರ್ಷ ಬಾಗಲ ತೆಗದು ಕುಂತಿದ್ದೆ. ಆವಾಗ ನಿಮ್ಮ ಕಾಲಾಗ ಮುಳ್ಳು ಮುರದಿತ್ತೇನೋ? ಯಾವುದು ಬೇಕು ಬೊಗಳು."

"ಭಾರತದ ಸಂವಿಧಾನದ್ದು, ದಪ್ಪಂದು."

ಗುಂಡಣ್ಣ ಬಾಗಿಲಿಗೆ ಬೆನ್ನು ಹಾಕಿಯೇ ಕೂಗಿದ. "ಗೌತಮೀ! ನಾಕನೇ ಕಪಾಟು, ಮ್ಯಾಲಿನ ಖಾನಿ, ಎಡಕ್ಕಿಂದ ಏಳನೇದು, ನೀಲಿ ರಟ್ಟು!"

ಒಳಗಿನಿಂದ, "ಅಲ್ಲಿಲ್ರಿ ಕಾಕಾ."

"ಅಲ್ಲೇ ಅದ! ಇಪ್ಪತ್ತೇಳು ವರ್ಷದಿಂದ ಅಲ್ಲೇ ಅದ! ಕಣ್ಣು ತೆಗದು ನೋಡು!"

"ಅದನ್ನ ಇವತ್ತ ಮುಂಜಾನೆ ಕೆಳಗ ತಂದೀವ್ರಿ. ಮ್ಯಾಲಿನ ಖಾನಿ ನಮಗ ನಿಲುಕಂಗಿಲ್ಲ. ಬೇಕಾದ್ದೆಲ್ಲ ಕೆಳಗ, ಯಾರೂ ಕೇಳಲಾರದ್ದು ಮ್ಯಾಲ."

ಗುಂಡಣ್ಣ ಸ್ಟೂಲಿನಿಂದ ಎದ್ದೇಬಿಟ್ಟ. ಕಾಲು ಹೊಸ್ತಿಲ ತನಕ ಬಂದು ನಿಂತಿತು. "ಯಾರನ್ನ ಕೇಳಿ ತೆಗದ್ರಿ? ಬೇಕಾದ ಪುಸ್ತಕ ಮ್ಯಾಲ ಇಟ್ಟಿದ್ದು ಗೆದ್ದಲಿಗೆ ಹೆದರಿ! ಕೀಲಿ ಕೈಗೆ ಬಂತಂದ್ರ ಮನೀ ಮಾಳಿಗಿನೇ ಇಳಿಸ್ತೀರೇನು?"

ಬಾಗಿಲ ಸಂದಿಯಿಂದ ನೀಲಿ ರಟ್ಟಿನ ಪುಸ್ತಕವೊಂದು ಹೊರಬಂತು. ಅವನು ಇಷ್ಟು ಕೂಗಾಡುವುದರೊಳಗೆ ಸಿಕ್ಕಿಬಿಟ್ಟಿತ್ತು. ಅವನು ತಾನೇ ಹುಡುಕಿದ್ದರೆ ಏಣಿ ತರಬೇಕಾಗಿತ್ತು. ಗುಂಡಣ್ಣ ಅದನ್ನು ಕಸಿದುಕೊಂಡಂತೆ ತೆಗೆದುಕೊಂಡು ನಡುವಿನ ಪುಟ ಬಿಡಿಸಿ ಮೂಸಿದ. ಬೆಳಕಿಗೆ ಹಿಡಿದು ನೋಡಿದ. ಎಣ್ಣೆಯ ಕಲೆ ಹುಡುಕಿದ. ಸಿಗಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂತು.

ಆ ಹೊತ್ತಿಗೆ ಗುರುರಾಜರು ಬಂದರು. ವರಾಂಡದ ಬಿಸಿಲಿನಲ್ಲಿ ಬೆವರುತ್ತಿದ್ದ ಅವನನ್ನು ನೋಡಿ ಮರುಗಿದರು. "ಗುಂಡಣ್ಣ, ಹಿಂಗ ಹೊರಗ ಯಾಕ ಕೂಡ್ತಿ? ಆಫೀಸಿನಾಗ ಒಂದು ಮೇಜು ಕೊಡಸ್ತೀನಿ. ಪಂಖಾ ಅದ. ಪತ್ರ ಬರಿಯೋ ಕೆಲಸ. ನಿವೃತ್ತಿ ತನಕ ಆರಾಮ ಇರ್ತಿ."

ಒಳಗೆ ಯಾರೋ ಗಟ್ಟಿಯಾಗಿ ನಕ್ಕರು, ಜುಬೇದಾ ಇರಬೇಕು. ಯಾರೋ ಅವಳನ್ನು ಗದರಿಸಿದರು.

"ಕಾಕಾ, ಜರಾ ಸಣ್ಣ ದನಿಲೆ ಮಾತಾಡ್ರಿ" ಎಂದು ಗೌತಮಿಯ ದನಿ ಬಂತು. "ಒಳಗ ಓದಾಕತ್ತೀವಿ."

ಗುರುರಾಜರು ತುಟಿ ಕಚ್ಚಿದರು. ಗುಂಡಣ್ಣನ ಮೀಸೆ ಎರಡು ಸಲ ಅದುರಿತು. ತನಗೇ, ತನ್ನ ಕೋಣೆಯ ಮುಂದೆಯೇ! ಬಯ್ಯಬೇಕೆಂದು ಬಾಯಿ ತೆಗೆದ. ಕಿಟಕಿಯ ಸರಳಿನ ಆಚೆ ಎಷ್ಟು ತಲೆ ಬಗ್ಗಿವೆಯೆಂದು ಒಂದು ಸಲ ಎಣಿಸಿದ. ಎಣಿಸಿ ಮುಗಿಸುವ ಹೊತ್ತಿಗೆ ಬಯ್ಗುಳ ಎಲ್ಲೋ ಹೋಗಿತ್ತು.

"ಆಫೀಸಿನಾಗ ನಾ ಒಲ್ಲೆರಿ ಸರ್" ಎಂದ, ದನಿ ತಗ್ಗಿಸಿ. "ಇಲ್ಲೇ ಕೂಡ್ತೀನಿ. ಇವರು ಇವತ್ತ ಖಾನಿ ಬದಲಿ ಮಾಡ್ಯಾರ, ನಾಳೆ ಏನ್ ಮಾಡ್ತಾರೋ ಯಾರಿಗ್ಗೊತ್ತು." ಆಮೇಲೆ ವರಾಂಡದ ದಂಡಿನ ಕಡೆ ತಿರುಗಿ ಪಿಸುಗುಟ್ಟಿದ: "ಮುಂದಿನಾಂವ ಯಾಂವೋ? ಹೆಸರು ಹೇಳು. ಸಣ್ಣಾಗಿ ಹೇಳು, ಮಂಗ್ಯಾ."